ಹಿತ್ತಲ ಗಿಡ ಸೀಸೆಗೆ ಬಂದಾಗ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಆಡಿದ ಹಿರಿಯರು ಇಂದು ದಾದರಿನ ಅಥವಾ ಮಾಟುಂಗದ ಔಷಧದಂಗಡಿಯೊಂದರ ಗಾಜಿನ ಕಪಾಟಿನ ಮುಂದೆ ಬಂದು ನಿಂತರೆ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾದೀತು. ಬೇಲಿಯ ಬದಿಗೆ ತಾನಾಗಿಯೇ ಬೆಳೆದಿದ್ದ ಲೋಳೆಸರ, ಬಾವಿಕಟ್ಟೆಯ ಪಕ್ಕದ ಬೇವು, ಅಂಗಳದ ತುಳಸಿ, ಅಡುಗೆಮನೆಯ ಅರಿಶಿನ, ಗಂಧಿಗನ ಅಂಗಡಿಯ ಲಾವಂಚ, ಮಂಜಿಷ್ಠ ಎಲ್ಲವೂ ಅಲ್ಲಿ ಬಣ್ಣಬಣ್ಣದ ಡಬ್ಬಿ ಸೀಸೆಗಳಲ್ಲಿ ಸಾಲಾಗಿ ಕುಳಿತಿವೆ. ಪ್ರತಿಯೊಂದರ ಮೈಮೇಲೂ ಒಂದು ಹಸಿರೆಲೆಯ ಚಿತ್ರ. ಅದರ ಕೆಳಗೆ ‘ರಾಸಾಯನಿಕಗಳಿಲ್ಲ’ ಎಂಬ ಅಭಯವಾಕ್ಯ. ನೀರೂ ಒಂದು ರಾಸಾಯನಿಕವೇ ಎಂಬುದನ್ನು ಪ್ರೌಢಶಾಲೆಯಲ್ಲಿ ಕಲಿತವರು ಸಹ ಆ ವಾಕ್ಯವನ್ನು ಓದಿ ನೆಮ್ಮದಿಯಿಂದ ಹಣ ತೆರುತ್ತಾರೆ.

ಹುಟ್ಟಿದೂರನ್ನು ಬಿಟ್ಟು ಮಹಾನಗರಗಳಿಗೆ ಬಂದು ನೆಲೆಸಿದವರಿಗೆ ಈ ಹಸಿರೆಲೆಯ ಸೆಳೆತ ಇನ್ನಷ್ಟು ಹೆಚ್ಚು. ಡೊಂಬಿವಿಲಿಯ ಎರಡು ಕೋಣೆಗಳ ಮನೆಗೆ ಹಿತ್ತಲೆಂಬುದಿಲ್ಲ. ಗ್ಯಾಲರಿಯ ಸರಳುಗಳ ನಡುವೆ ಒಂದು ತುಳಸಿಯ ಕುಂಡಕ್ಕೆ ಜಾಗವಾದರೆ ಅದೇ ಭಾಗ್ಯ. ಎಣ್ಣೆ ಸೀಗೆಯ ಅಭ್ಯಂಜನ ದೀಪಾವಳಿಗೊಮ್ಮೆ ಉಳಿದುಕೊಂಡಿದೆ. ಹೀಗಿರುವಲ್ಲಿ ಅಜ್ಜಿಯ ಮನೆಯ ಹಿತ್ತಲು ನೂರು ಗ್ರಾಮಿನ ಟ್ಯೂಬಿನಲ್ಲಿ ದೊರೆಯುವುದಾದರೆ ಬೇಡವೆನ್ನುವವರು ಯಾರು? ಆದರೆ ಆ ಹಿತ್ತಲಿನಿಂದ ಎಲೆ ಮಾತ್ರ ನಗರಕ್ಕೆ ಬಂದಿತು. ಎಲೆಯೊಡನೆ ಅಜ್ಜಿಗಿದ್ದ ಎಚ್ಚರ ಊರಿನಲ್ಲಿಯೇ ಉಳಿಯಿತು. ಸೀಸೆಯ ಮೇಲಿನ ಚೀಟಿ ಗಿಡದ ಹೆಸರನ್ನು ಹೇಳುತ್ತದೆಯೇ ಹೊರತು ಆ ಎಚ್ಚರವನ್ನು ಹೇಳುವುದು ಅಪರೂಪ.

ಆ ಎಚ್ಚರ ಎಂತಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಸುವರ್ಣಗೆಡ್ಡೆಯನ್ನು ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳದ ಗೃಹಿಣಿ ಕರ್ನಾಟಕದಲ್ಲಿ ಇದ್ದಿರಲಾರಳು. ಆ ಗೆಡ್ಡೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಚರ್ಮಕ್ಕೆ ಚುಚ್ಚಿ ನವೆಯನ್ನುಂಟುಮಾಡುತ್ತವೆ. ಗಿಡದಿಂದ ಕಿತ್ತ ಮಾವಿನಕಾಯಿಯನ್ನು ಸೊನೆ ಸೋರಿಹೋಗುವ ತನಕ ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ತುಟಿಯ ಅಂಚು ಸುಟ್ಟು ಗುಳ್ಳೆಯೇಳುವುದೆಂದು ಎಲ್ಲರೂ ಬಲ್ಲರು. ಲೋಳೆಸರದ ಎಲೆಯನ್ನು ಕೊಯ್ದೊಡನೆ ಬುಡದಿಂದ ಒಸರುವ ಹಳದಿಯ ಕಹಿ ರಸವನ್ನು ಇಳಿಯಗೊಟ್ಟು, ತೊಳೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಬಳಸುತ್ತಿದ್ದರು. ಆ ಹಳದಿ ರಸದಲ್ಲಿರುವ ಅಲೋಯಿನ್ ಮೊದಲಾದವು ಚರ್ಮವನ್ನು ಕೆರಳಿಸಬಲ್ಲವು. ಎಕ್ಕದ ಹಾಲನ್ನು ಕಾಲಿಗೆ ನಾಟಿದ ಮುಳ್ಳನ್ನು ತೆಗೆಯಲು ಹಚ್ಚುತ್ತಿದ್ದರು. ಆದರೆ ಅದೇ ಕೈಯಿಂದ ಕಣ್ಣುಜ್ಜಿಕೊಂಡ ಮಗುವಿಗೆ ಏಟು ಬೀಳುತ್ತಿತ್ತು. ಎಕ್ಕದ ಹಾಲು ಕಣ್ಣಿನ ಪಾರದರ್ಶಕ ಪಟಲಕ್ಕೆ ಹಾನಿ ಮಾಡುವುದನ್ನು ನೇತ್ರವೈದ್ಯರೂ ದಾಖಲಿಸಿದ್ದಾರೆ.

ಗಿಡದ ಗುಣ ಮನುಷ್ಯನ ಅನುಕೂಲಕ್ಕಾಗಿ ಹುಟ್ಟಿದುದಲ್ಲ ಎಂಬುದನ್ನು ಇವೆಲ್ಲ ಸೂಚಿಸುತ್ತವೆ. ಓಡಿ ಪಾರಾಗಲು ಕಾಲಿಲ್ಲದ ಗಿಡ ಹುಳುವಿನಿಂದ, ಬೂಷ್ಟಿನಿಂದ, ಮೇಯುವ ದನದಿಂದ ತನ್ನನ್ನು ಉಳಿಸಿಕೊಳ್ಳಲು ಕಹಿಯನ್ನೋ ಉರಿಯನ್ನೋ ವಿಷವನ್ನೋ ತಯಾರಿಸಿಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಮನುಷ್ಯನಿಗೆ ಔಷಧವಾಗಿ ಒದಗಿವೆ, ಹಲವು ಒದಗಿಲ್ಲ. ಒಂದೇ ವಸ್ತು ಪ್ರಮಾಣಭೇದದಿಂದ ಎರಡೂ ಆಗುವುದುಂಟು.

ಮುಂಬಯಿಯ ಧೋಬಿಗಳ ಕಥೆ ಇಲ್ಲಿ ಉಲ್ಲೇಖಾರ್ಹ. ಕೇರುಬೀಜ, ಮರಾಠಿಯಲ್ಲಿ ಬಿಬ್ಬಾ, ಸಂಸ್ಕೃತದಲ್ಲಿ ಭಲ್ಲಾತಕ ಎನಿಸಿಕೊಂಡ ಬೀಜದ ಕಪ್ಪು ರಸದಿಂದ ಬಟ್ಟೆಗಳ ಮೇಲೆ ಗುರುತು ಹಾಕುವುದು ದೇಶದಾದ್ಯಂತ ಅಗಸರ ಪದ್ಧತಿಯಾಗಿತ್ತು. ಎಷ್ಟು ಒಗೆದರೂ ಅದು ಹೋಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಲ್ಲಿ ಕುತ್ತಿಗೆಯ ಹಿಂಬದಿಯಲ್ಲಿಯೋ ಸೊಂಟದಲ್ಲಿಯೋ ವಿಚಿತ್ರವಾದ ಗುಳ್ಳೆಗಳೂ ತುರಿಕೆಯೂ ಕಾಣಿಸಿಕೊಂಡಾಗ, ಅವು ಅಂಗಿಯ ಮೇಲಿನ ಧೋಬಿಯ ಗುರುತು ತಾಗುವ ಜಾಗದಲ್ಲಿಯೇ ಇದ್ದುವೆಂಬುದನ್ನು ಸೇನೆಯ ವೈದ್ಯರು ಪತ್ತೆಹಚ್ಚಿ 1943ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಕೇರು, ಗೋಡಂಬಿ, ಮಾವು ಒಂದೇ ಕುಟುಂಬದ ಮರಗಳು. ಅಮೆರಿಕದ ಕಾಡುಗಳಲ್ಲಿ ಬೆಳೆಯುವ ‘ಪಾಯ್ಸನ್ ಐವಿ’ ಎಂಬ ಬಳ್ಳಿಯೂ ಅದೇ ಮನೆತನದ್ದು. ಆ ಬಳ್ಳಿಯಿಂದ ಊರಿನಲ್ಲಿ ಒಮ್ಮೆ ಪೀಡಿತರಾದವರಿಗೆ ಸಾವಿರಾರು ಮೈಲಿ ದೂರದ ಭಾರತದ ಅಂಗಿಯ ಗುರುತು ಕೂಡ ಒಗ್ಗದೆ ಹೋಗಬಹುದಾಗಿತ್ತು. ಇಷ್ಟಾಗಿಯೂ ಭಲ್ಲಾತಕ ಆಯುರ್ವೇದದ ಗಣ್ಯ ಔಷಧಗಳಲ್ಲೊಂದು. ಆದರೆ ಶೋಧನೆಯೆಂಬ ಸಂಸ್ಕಾರವಾಗದೆ ಅದನ್ನು ಬಳಸಕೂಡದೆಂದು ಆ ಶಾಸ್ತ್ರವೇ ವಿಧಿಸಿದೆ. ಗಿಡಮೂಲಿಕೆಗೆ ದೋಷವೇ ಇಲ್ಲವೆಂದು ಆಯುರ್ವೇದ ಎಂದೂ ಹೇಳಿಲ್ಲ, ಹೇಳುತ್ತಿರುವುದು ಜಾಹೀರಾತು.

ಇಲ್ಲಿ ದೇಹದ ಒಂದು ಲೆಕ್ಕಾಚಾರವನ್ನು ವಾಚಕರು ತಿಳಿದಿರಬೇಕು. ಚರ್ಮಕ್ಕಾಗುವ ತೊಂದರೆ ಎರಡು ಬಗೆ. ಬೆಳ್ಳುಳ್ಳಿಯನ್ನು ಅರೆದು ಗಜಕರ್ಣಕ್ಕೆ ಕಟ್ಟಿದಾಗ ಚರ್ಮ ಸುಟ್ಟಂತಾಗುವುದು ನೇರವಾದ ಉರಿ. ಹೆಚ್ಚು ಹೊತ್ತು ಕಟ್ಟಿದರೆ ಯಾರಿಗಾದರೂ ಆಗುತ್ತದೆ. ಎರಡನೆಯದು ಅಲರ್ಜಿ. ಮೊದಲ ಸಲ ವಸ್ತು ತಾಗಿದಾಗ ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. ದೇಹ ಅದರ ಹೆಸರಿನಲ್ಲಿ ಒಂದು ಖಾತೆ ತೆರೆಯುತ್ತದೆ, ಅಷ್ಟೆ. ರಕ್ತದ ಕೆಲವು ಬಿಳಿಯ ಕಣಗಳು ಅದರ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ. ವಾರಗಳೋ ವರ್ಷಗಳೋ ಕಳೆದ ಮೇಲೆ ಅದೇ ವಸ್ತು ಮತ್ತೆ ತಾಗಿದಾಗ ಒಂದೆರಡು ದಿನಗಳೊಳಗೆ ಕೆಂಪು, ಊತ, ನೀರ್ಗುಳ್ಳೆ ಏಳುತ್ತವೆ. ಒಮ್ಮೆ ತೆರೆದ ಈ ಖಾತೆ ಸಾಮಾನ್ಯವಾಗಿ ಜೀವಮಾನದಲ್ಲಿ ಮುಚ್ಚುವುದಿಲ್ಲ. ‘ಹತ್ತು ವರ್ಷದಿಂದ ಇದನ್ನೇ ಹಚ್ಚುತ್ತಿದ್ದೇನೆ, ಇದರಿಂದ ಹೇಗೆ ಆದೀತು?’ ಎಂದು ರೋಗಿಗಳು ವೈದ್ಯರೊಡನೆ ವಾದಿಸುವುದುಂಟು. ಹತ್ತು ವರ್ಷ ಹಚ್ಚಿದ್ದರಿಂದಲೇ ಆಗಿರಬಹುದು.

ಮೂರನೆಯದೊಂದು ಬಗೆಯಲ್ಲಿ ಗಿಡದ ಜೊತೆಗೆ ಬಿಸಿಲೂ ಪಾಲುದಾರನಾಗುತ್ತದೆ. 1916ರಲ್ಲಿ ಫ್ರಾಯಿಂಡ್ ಎಂಬ ವೈದ್ಯರು, ಕಲೋನ್ ಸುಗಂಧಜಲ ಹಚ್ಚಿಕೊಂಡು ಬಿಸಿಲಿಗೆ ಹೋದವರ ಚರ್ಮದ ಮೇಲೆ ಅದು ಹರಿದ ದಾರಿಯಲ್ಲಿಯೇ ಕಪ್ಪು ಕಲೆಗಳು ಮೂಡಿದುದನ್ನು ವರ್ಣಿಸಿದರು. ಕಾರಣ ಅದರಲ್ಲಿದ್ದ ಬರ್ಗಮೋಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ. ನಿಂಬೆಯ ಜಾತಿಯ ಸಿಪ್ಪೆಗಳಲ್ಲಿ ಸೊರಾಲೆನ್ ವರ್ಗದ ವಸ್ತುಗಳಿದ್ದು, ಚರ್ಮದಲ್ಲಿರುವಾಗ ಸೂರ್ಯನ ಅತಿನೇರಳೆ ಕಿರಣ ಬಿದ್ದರೆ ಅಲ್ಲಿ ಸುಟ್ಟ ಗಾಯದಂತಾಗಿ, ಮಾಸಿದ ಮೇಲೆ ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಮುಖದ ಬಣ್ಣ ತಿಳಿಯಾಗಲೆಂದು ನಿಂಬೆಹೋಳು ಉಜ್ಜಿಕೊಂಡು ಹನ್ನೊಂದು ಗಂಟೆಯ ಬಿಸಿಲಿಗೆ ಹೊರಟ ಹುಡುಗಿಗೆ ಬಯಸಿದುದಕ್ಕೆ ವಿರುದ್ಧವಾದ ಫಲ ದೊರೆಯುವುದು ಹೀಗೆ.

ಇದೇ ವರ್ಗಕ್ಕೆ ಸೇರಿದ್ದು ಬಾವಂಚಿ. ತೊನ್ನಿಗೆ ಈ ಬೀಜವನ್ನು ಅರೆದು ಹಚ್ಚಿ, ಎಳೆಬಿಸಿಲಿಗೆ ಅಳತೆಯಿಂದ ಒಡ್ಡುವ ಚಿಕಿತ್ಸೆ ಭಾರತದಲ್ಲಿ ಬಹು ಪ್ರಾಚೀನವಾದುದು. ಆಧುನಿಕ ವೈದ್ಯರು ಸೊರಾಲೆನ್ ಕೊಟ್ಟು ಅತಿನೇರಳೆ ಕಿರಣ ಹಾಯಿಸುವುದೂ ಅದೇ ತತ್ತ್ವದ ಮೇಲೆ. ಅಳತೆ ತಪ್ಪಿದರೆ ಗುಳ್ಳೆಯೇಳುವುದೆಂಬುದು ಎರಡೂ ಪದ್ಧತಿಗಳಿಗೆ ಗೊತ್ತು. ಈ ಬೀಜದಿಂದ ಬಾಕುಚಿಯೋಲ್ ಎಂಬ ಮತ್ತೊಂದು ವಸ್ತುವನ್ನು 1966ರಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯಲ್ಲಿ ಸುಖ್ ದೇವ್ ಮತ್ತು ಅವರ ಸಂಗಡಿಗರು ಬೇರ್ಪಡಿಸಿದರು. ಅರ್ಧ ಶತಮಾನದ ನಂತರ ಅದು ಇದ್ದಕ್ಕಿದ್ದಂತೆ ಜಗತ್ತಿನ ಸೌಂದರ್ಯವರ್ಧಕಗಳ ಪೇಟೆಯಲ್ಲಿ ಕಣ್ಮಣಿಯಾಯಿತು. 44 ಮಂದಿಯ ಮೇಲೆ 12 ವಾರ ನಡೆದು 2019ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ಪತ್ರಿಕೆಯಲ್ಲಿ ಅಚ್ಚಾದ ಪರೀಕ್ಷೆಯೊಂದರಲ್ಲಿ ಬಾಕುಚಿಯೋಲ್ ಲೇಪ ಮುಖದ ಸುಕ್ಕು ಮತ್ತು ಕಲೆಗಳನ್ನು ತಗ್ಗಿಸುವುದರಲ್ಲಿ ರೆಟಿನಾಲಿಗೆ ಸಮನಾಗಿಯೂ, ಉರಿ ಸಿಪ್ಪೆಗಳ ವಿಷಯದಲ್ಲಿ ಅದಕ್ಕಿಂತ ಸೌಮ್ಯವಾಗಿಯೂ ಕಂಡುಬಂದಿತು. ಇಷ್ಟು ಸಂತೋಷದ ಸಂಗತಿಯೇ. ಆದರೆ ಶುದ್ಧ ಬಾಕುಚಿಯೋಲ್ ಬೇರೆ, ಬಾವಂಚಿ ಬೀಜದ ಇಡಿಯ ಸಾರ ಬೇರೆ. ಮೊದಲನೆಯದು ಸೊರಾಲೆನ್ ಅಲ್ಲ. ಎರಡನೆಯದರಲ್ಲಿ ಸೊರಾಲೆನ್ ಇದ್ದೇ ಇರುತ್ತದೆ, ತಯಾರಕರು ಅದನ್ನು ತೆಗೆದುಹಾಕಿದ ಹೊರತು. ಪರೀಕ್ಷೆಗೊಳಗಾಗಿ ಹೆಸರು ಪಡೆದುದು ಒಂದು. ಆ ಹೆಸರಿನ ನೆರಳಿನಲ್ಲಿ ಮಾರಾಟವಾಗುವುದು ಇನ್ನೊಂದಾಗಿರಬಹುದು. ಚೀಟಿಯ ಮೇಲೆ ಬಾಕುಚಿಯೋಲ್ ಎಂದಿದೆಯೋ, ಬಾಕುಚಿ ಬೀಜದ ಸಾರ ಅಥವಾ ಎಣ್ಣೆ ಎಂದಿದೆಯೋ ಎಂದು ಕನ್ನಡಕ ಹಾಕಿಕೊಂಡು ಓದುವುದು ಮುಖಕ್ಕೆ ಕ್ಷೇಮ.

ಪುಣೆಯೊಡನೆ ಇನ್ನೊಂದು ಗಿಡದ ಹೆಸರೂ ಕೂಡಿಕೊಂಡಿದೆ. 1955ರ ಸುಮಾರಿಗೆ ಅಲ್ಲಿ ಮೊದಲು ಗಮನಕ್ಕೆ ಬಂದು, ಅಲ್ಲಿಂದೀಚೆಗೆ ಬೆಂಗಳೂರಿನ ಖಾಲಿ ನಿವೇಶನಗಳಿಂದ ದಿಲ್ಲಿಯ ರೈಲುಹಳಿಗಳ ಬದಿಯವರೆಗೆ ಹಬ್ಬಿದ ಪಾರ್ಥೇನಿಯಂ ಅದು. ಕನ್ನಡ ನಾಡಿನಲ್ಲಿ ಕಾಂಗ್ರೆಸ್ ಗಿಡವೆಂದೇ ಪ್ರಸಿದ್ಧ. ಅದರ ಧೂಳು ಗಾಳಿಯಲ್ಲಿ ತೇಲಿ ರೆಪ್ಪೆಗಳ ಮೇಲೆ, ಕುತ್ತಿಗೆಯ ಮಡಿಕೆಗಳಲ್ಲಿ, ಮೊಣಕೈಯ ಒಳಬದಿಯಲ್ಲಿ ಕೂತು ಇಸುಬಿಗೆ ಕಾರಣವಾಗುತ್ತದೆ. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಜೆ. ಎಸ್. ಪಸ್ರೀಚಾ ಅವರಂತಹ ಚರ್ಮರೋಗ ತಜ್ಞರು ಈ ಒಂದು ಗಿಡದ ಕಾಟವನ್ನು ವರ್ಷಗಟ್ಟಲೆ ಅಭ್ಯಸಿಸಿದರು. ದೋಷ ಅದರಲ್ಲಿರುವ ಪಾರ್ಥೆನಿನ್ ಮುಂತಾದ ಲ್ಯಾಕ್ಟೋನುಗಳದ್ದು. ಪಾರ್ಥೇನಿಯಂ ಸೇವಂತಿಗೆಯ ಕುಟುಂಬಕ್ಕೆ ಸೇರಿದುದು. ಹೊರದೇಶದ ಸೌಮ್ಯೌಷಧಗಳೆಂದು ಹೊಗಳಲ್ಪಟ್ಟು ಇಂದು ಮಕ್ಕಳ ಲೇಪಗಳಲ್ಲಿಯೂ ಕಾಣಸಿಗುವ ಕ್ಯಾಮೊಮೈಲ್, ಕ್ಯಾಲೆಂಡುಲಾ, ಆರ್ನಿಕಾಗಳೂ ಅದೇ ಕುಟುಂಬದವು.

ಈಗ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದವರು. ಮನೆಯ ಹಿಂದಿನ ಬಯಲಿನಲ್ಲಿ ಎದೆಮಟ್ಟದ ಕಾಂಗ್ರೆಸ್ ಗಿಡ. ಕೆಲವು ವರ್ಷಗಳಲ್ಲಿ ಕಣ್ಣಿನ ಸುತ್ತ ತುರಿಕೆ ಮೊದಲಾಗುತ್ತದೆ. ಹಬ್ಬದ ದಿನ ಸೇವಂತಿಗೆ ಮುಡಿದರೆ ಅದು ಇಮ್ಮಡಿಸುತ್ತದೆ. ‘ಸ್ಟೀರಾಯ್ಡ್ ಹಚ್ಚಬೇಡ, ಗಿಡಮೂಲಿಕೆಯದನ್ನು ಹಚ್ಚು’ ಎಂದು ಓರಗಿತ್ತಿ ಒಳ್ಳೆಯ ಮನಸ್ಸಿನಿಂದಲೇ ಕ್ಯಾಮೊಮೈಲಿನ ತಂಪು ಲೇಪವನ್ನು ತಂದುಕೊಡುತ್ತಾರೆ. ಮೊದಲ ದಿನ ಹಾಯೆನಿಸುತ್ತದೆ. ಮೂರನೆಯ ದಿನ ರೆಪ್ಪೆಗಳು ಊದಿಕೊಳ್ಳುತ್ತವೆ. ರೋಗ ಹೆಚ್ಚಿತೆಂದು ಲೇಪವನ್ನೂ ಹೆಚ್ಚಿಸುತ್ತಾರೆ. ಗಿಡದ್ದಲ್ಲವೇ, ಅದರಿಂದ ಹಾನಿಯಾಗಲಾರದೆಂಬ ನಂಬಿಕೆ. ಪಾರ್ಥೇನಿಯಂ ಒಗ್ಗದವರೆಲ್ಲರಿಗೂ ಕ್ಯಾಮೊಮೈಲ್ ಒಗ್ಗುವುದಿಲ್ಲವೆಂದೇನೂ ಇಲ್ಲ. ಆದರೆ ಅಂಥವರು ಆ ಕುಟುಂಬದ ಸಾರಗಳನ್ನು ಪರೀಕ್ಷಿಸದೆ ಹಚ್ಚಬಾರದೆಂಬುದು ವೈದ್ಯರ ಸಲಹೆ. ಈ ಬಗೆಯ ಪ್ರಸಂಗದಲ್ಲಿ ಕೆಡಕು ಮಾಡುವುದು ಲೇಪಕ್ಕಿಂತ ಹೆಚ್ಚಾಗಿ ಅದರ ಮೇಲಿನ ವಿಶ್ವಾಸ. ಬೇರಾವುದೇ ಮುಲಾಮಾಗಿದ್ದರೆ ಮೂರನೆಯ ದಿನವೇ ಮೂಲೆಗೆ ಬೀಳುತ್ತಿತ್ತು.

ಎಲೆಗೂ ಅದರ ಸಾರಕ್ಕೂ ಇರುವ ಅಂತರ ಕಡಿಮೆಯದಲ್ಲ. ನೀರು, ಮದ್ಯಸಾರ, ಗ್ಲಿಸರಿನ್, ಹೆಕ್ಸೇನ್ ಇವುಗಳಲ್ಲಿ ಯಾವುದರಿಂದ ಇಳಿಸಿದರೆ ಯಾವುದು ಕರಗಿ ಬರುತ್ತದೆಂಬುದು ಬೇರೆ ಬೇರೆ; ಒಂದೇ ಬೇವಿನಿಂದ ನಾಲ್ಕು ಬಗೆಯ ಸಾರ ಸಾಧ್ಯ, ಚೀಟಿಯಲ್ಲಿ ಹೆಸರು ಮಾತ್ರ ಒಂದೇ. ಮಣ್ಣು, ಮಳೆ, ಕೊಯ್ದ ಕಾಲ ಇವುಗಳಿಂದಲೂ ಗುಣ ಬದಲಾಗುತ್ತದೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು ಸಾವಿರ ಕಿಲೋಗೂ ಮಿಗಿಲಾಗಿ ಹೂವಿನ ಎಸಳು ಬೇಕಾಗುತ್ತದೆ ಎಂದ ಮೇಲೆ, ಒಂದು ಹನಿಯಲ್ಲಿ ಅಡಗಿರುವುದು ತಲೆಯಲ್ಲಿ ಮುಡಿದ ಒಂದು ಹೂವಲ್ಲ. ಎಸಳಿಗೆ ಸಿಂಪಡಿಸಿದ ಕೀಟನಾಶಕವೂ ಅದರೊಡನೆ ಸಾಂದ್ರಗೊಳ್ಳಬಹುದು. ಇನ್ನು ಹಳತಾಗುವುದರ ಮಾತು. ಲ್ಯಾವೆಂಡರ್ ಎಣ್ಣೆಯಲ್ಲಿಯೂ ಕೊತ್ತಂಬರಿ ಬೀಜದ ಎಣ್ಣೆಯಲ್ಲಿಯೂ ಹೇರಳವಾಗಿರುವ ಲಿನಲೂಲ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಇವು ತಾಜಾ ಸ್ಥಿತಿಯಲ್ಲಿ ಅಷ್ಟೇನೂ ಅಪಾಯಕಾರಿಗಳಲ್ಲ. ಮುಚ್ಚಳ ತೆರೆದು ಗಾಳಿಯ ಸಂಪರ್ಕವಾದಂತೆ ಆಮ್ಲಜನಕದೊಡನೆ ಸೇರಿ ಬಲವಾದ ಅಲರ್ಜಿಕಾರಕಗಳಾಗುತ್ತವೆ. ಆಸ್ಟ್ರೇಲಿಯದ ಟೀ ಟ್ರೀ ಎಣ್ಣೆಯ ಕಥೆಯೂ ಹೀಗೆಯೇ. ಮುಂಬಯಿಯ ಸೆಕೆಯಲ್ಲಿ ಸ್ನಾನದ ಮನೆಯ ಕಿಟಕಿಯ ಮೇಲೆ ವರ್ಷವಿಡೀ ಕೂತ ಸೀಸೆಯನ್ನು ಬಿಸಾಡಲು ಮನಸ್ಸು ಬಾರದಿದ್ದರೂ ಬಿಸಾಡುವುದೇ ಲೇಸು.

‘ಸಂರಕ್ಷಕಗಳಿಲ್ಲ’ ಎಂಬ ಹೆಮ್ಮೆಯೂ ಪ್ರಶ್ನಾರ್ಹವೇ. ನೀರೂ ಸಸ್ಯಸಾರವೂ ಕೂಡಿದಲ್ಲಿ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವುಗಳನ್ನು ತಡೆಯುವ ವಸ್ತು ಅಲ್ಪಪ್ರಮಾಣದಲ್ಲಿ ಇರಲೇಬೇಕಾಗುತ್ತದೆ.

ಚೀಟಿಯನ್ನು ಓದುವ ಕಲೆಗೆ ಬರೋಣ. ಸಾಲಪತ್ರಕ್ಕೆ ಸಹಿ ಹಾಕುವಾಗ ಸಣ್ಣಕ್ಷರಗಳನ್ನು ಬಿಟ್ಟು ಓದಿದವರು ಹೇಗೆ ಪೇಚಾಡುವರೋ, ಇಲ್ಲಿಯೂ ಹಾಗೆಯೇ. ಭಾರತದಲ್ಲಿ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ ಅಡಿಯಲ್ಲಿ 2020ರಲ್ಲಿ ಸೌಂದರ್ಯವರ್ಧಕಗಳಿಗೆ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂದಿದೆ. ಅದರಂತೆ ನೂರಕ್ಕೆ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬರೆಯಬೇಕು. ಒಂದು ಮತ್ತು ಅದಕ್ಕಿಂತ ಕಡಿಮೆಯವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಿಯಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಶೇಕಡಾ ಒಂದರ ಮಿತಿಯಿದೆ. ಆದುದರಿಂದ ಆ ಹೆಸರಿನ ನಂತರ ಬಂದುದೆಲ್ಲ ಶೇಕಡಾ ಒಂದನ್ನು ಮೀರಿರಲಾರದೆಂದು ಗ್ರಹಿಸಬಹುದು. ಡಬ್ಬಿಯ ಮುಖದಲ್ಲಿ ಮರವಾಗಿ ನಿಂತ ಬೇವು ಬೆನ್ನಿನ ಪಟ್ಟಿಯಲ್ಲಿ ಅದರ ಹಿಂದೆ ಎಲ್ಲೋ ಅಡಗಿ ಕುಳಿತಿರುವುದನ್ನು ಕಂಡು ವಾಚಕರು ನಗಬಹುದು. ಆದರೆ ಖಾತೆ ತೆರೆದ ದೇಹಕ್ಕೆ ಎಳ್ಳಷ್ಟೂ ಸಾಕು. ಯೂರೋಪಿನ ಒಕ್ಕೂಟ 2003ರಲ್ಲಿಯೇ 26 ಸುಗಂಧಕಾರಕಗಳನ್ನು, ಹಚ್ಚಿ ಹಾಗೆಯೇ ಬಿಡುವ ಲೇಪದಲ್ಲಿ ಶೇಕಡಾ 0.001 ಮೀರಿದರೆ, ಹೆಸರಿಸಿಯೇ ತೀರಬೇಕೆಂದು ವಿಧಿಸಿತು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮಿಗಿಲಾಗಿ ಬೆಳೆಸಿತು. ಲಿನಲೂಲ್, ಲಿಮೊನೀನ್, ಲವಂಗದ ಯುಜಿನಾಲ್, ಮಜ್ಜಿಗೆಹುಲ್ಲಿನ ಸಿಟ್ರಾಲ್ ಎಲ್ಲ ಅದರಲ್ಲಿವೆ. ಎಲ್ಲವೂ ಗಿಡಗಳಲ್ಲಿಯೇ ಹುಟ್ಟುವಂಥವು. ಭಾರತದ ಅನೇಕ ಚೀಟಿಗಳಲ್ಲಿ ಇವೆಲ್ಲಕ್ಕೂ ಸೇರಿ ‘ಪರ್ಫ್ಯೂಮ್’ ಎಂಬ ಒಂದೇ ಮಾತು. ಗಿರಾಕಿಯ ಕಡೆಯಿಂದ ನೋಡಿದರೆ ಇದು ಲೋಪವೇ ಸರಿ.

ಪಟ್ಟಿಯೇ ಇಲ್ಲದ ಡಬ್ಬಿಗಳದು ಬೇರೆಯೇ ಕಥೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಕ್ಕಳ ಇಸುಬಿಗೆ ‘ಗಿಡಮೂಲಿಕೆ’ಯೆಂದು ಹಚ್ಚುತ್ತಿದ್ದ 24 ಲೇಪಗಳನ್ನು ಪರೀಕ್ಷಿಸಿದಾಗ 20ರಲ್ಲಿ ಸ್ಟೀರಾಯ್ಡ್ ಬೆರೆತಿತ್ತೆಂದು 2003ರಲ್ಲಿ ಪ್ರಕಟವಾಯಿತು. ಬಿಳುಪಿನ ಲೇಪಗಳಲ್ಲಿ ಪಾದರಸದ ಕಾಟ. ಕೇರಳದ ಕೋಟ್ಟಕ್ಕಲ್ಲಿನ ಆಸ್ಪತ್ರೆಯೊಂದರಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯಿಂದ ಬಂದ 22 ಮಂದಿಯಲ್ಲಿ 15 ಮಂದಿಗೆ ಅದರ ಅಪರೂಪದ ಪ್ರಭೇದವಿತ್ತು. ಅವರಲ್ಲಿ 13 ಮಂದಿ ಬಿಳುಪಿನ ಲೇಪ ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡರು. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ತಯಾರಾದ ತಂಡದ ಸಂಖ್ಯೆ, ಅವಧಿ ಇವು ಮುದ್ರಿತವಾಗಿರದ ಡಬ್ಬಿಯನ್ನು, ಪರಿಚಯದ ಬ್ಯೂಟಿ ಪಾರ್ಲರಿನವರೇ ಕೊಟ್ಟರೂ, ಮನೆಗೆ ತರಬಾರದು. ಅರಿಶಿನದಿಂದ ಮಾಡಿದ ಕುಂಕುಮ ಬೇರೆ, ಬಣ್ಣದ ಪುಡಿಯ ಕುಂಕುಮ ಬೇರೆ. ಹಣೆಯಲ್ಲಿ ತುರಿಕೆಯೋ ಕಪ್ಪೋ ಕಂಡವರು ಈ ಭೇದವನ್ನು ನೆನೆಯಬೇಕು. ಕೈಗೆ ಹಚ್ಚುವ ಮದರಂಗಿಯೂ ಹಾಗೆಯೇ. ಅದರ ಸಹಜ ಬಣ್ಣ ಕೆಂಪುಮಿಶ್ರಿತ ಕಂದು. ಒಂದು ಗಂಟೆಯಲ್ಲಿ ಕಪ್ಪಾಗುವ ಮದರಂಗಿಯಲ್ಲಿ ತಲೆಗೂದಲ ಬಣ್ಣದ ಪಿ.ಪಿ.ಡಿ. ಬೆರೆತಿರುವ ಸಂಭವ ಹೆಚ್ಚು.

ಇಷ್ಟನ್ನು ಓದಿ ಯಾರೂ ಅರಿಶಿನದ ಡಬ್ಬಿಯನ್ನು ಬೀದಿಗೆ ಎಸೆಯಬೇಕಾಗಿಲ್ಲ. ಬಹುಪಾಲು ಜನರಿಗೆ ಬಹುಪಾಲು ಲೇಪಗಳು ಒಗ್ಗುತ್ತವೆ. ಹೊಸತನ್ನು ತಂದಾಗ ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಬೇಕು. ಒಂದೇ ದಿನದ ಪರೀಕ್ಷೆ ಸಾಲದು. ಅಲರ್ಜಿ ನಿಧಾನವಾಗಿ ಬರುವ ಅತಿಥಿ. ಒಂದು ಬಾರಿಗೆ ಒಂದೇ ಹೊಸ ವಸ್ತು ಎಂಬ ನಿಯಮವಿದ್ದರೆ ತಪ್ಪು ಯಾರದೆಂದು ತಿಳಿಯುವುದು ಸುಲಭ. ಹಸುಳೆಗಳ ಚರ್ಮ ತೆಳು. ಅವರಿಗೆ ಪರಿಮಳದೆಣ್ಣೆಗಳ ಪ್ರಯೋಗ ಬೇಡವೇ ಬೇಡ.

ತುರಿಕೆ ಬಿಡದೆ ಕಾಡಿದರೆ ದೊಡ್ಡ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆಯುಂಟು. ಜರ್ಮನಿಯ ಯಾಡಸ್ಸೋನ್ 1895ರಲ್ಲಿ ಲೋಕಕ್ಕೆ ತೋರಿಸಿಕೊಟ್ಟದ್ದು. ಸಂದೇಹದ ವಸ್ತುಗಳನ್ನು ಸಣ್ಣ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, ಎರಡು ದಿನಗಳ ನಂತರ ತೆಗೆದು ನೋಡಿ, ಮತ್ತೆ ನಾಲ್ಕನೆಯ ದಿನ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ಸೋಕುವಂತಿಲ್ಲ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬೆವರಿದರೆ ಪಟ್ಟಿಗಳು ಕಿತ್ತುಬರುವುದರಿಂದ ಬೇಸಿಗೆಯನ್ನು ಬಿಟ್ಟು ಡಿಸೆಂಬರ್ ಜನವರಿಗಳಲ್ಲಿ ಮಾಡಿಸಿಕೊಳ್ಳುವುದು ಅನುಕೂಲ. ಹಾಗೂ ಸೋಮವಾರ ಅಂಟಿಸಿಕೊಂಡರೆ ಬುಧವಾರ ಮತ್ತು ಶುಕ್ರವಾರ ತೋರಿಸಲು ಅರ್ಧ ದಿನದ ರಜೆ ಸಾಕಾಗುತ್ತದೆ. ಹೋಗುವಾಗ ಮನೆಯಲ್ಲಿ ಬಳಸುವ ಎಲ್ಲ ಟ್ಯೂಬು, ಸೀಸೆ, ಸಾಬೂನುಗಳನ್ನು ಅವುಗಳ ರಟ್ಟಿನ ಪೆಟ್ಟಿಗೆಗಳ ಸಮೇತ ಚೀಲದಲ್ಲಿ ಕೊಂಡೊಯ್ಯಬೇಕು. ಘಟಕಗಳ ಪಟ್ಟಿ ಎಷ್ಟೋ ಸಲ ಪೆಟ್ಟಿಗೆಯ ಮೇಲೆ ಮಾತ್ರವಿರುತ್ತದೆ. ಊರಿನಿಂದ ಯಾರೋ ತಂದುಕೊಟ್ಟ ಹೆಸರಿಲ್ಲದ ಎಣ್ಣೆಯ ಸೀಸೆಯನ್ನು, ಸಂಕೋಚಪಟ್ಟು ಮನೆಯಲ್ಲಿಯೇ ಬಿಟ್ಟುಬಾರದೆ, ಅದನ್ನೂ ವೈದ್ಯರ ಮೇಜಿನ ಮೇಲೆ ಇಡಬೇಕು.